ಭುಜನೋವಿಗೆ ಹತ್ತಕ್ಕೆ ಮೂರು

ಮಾರ್ಕ್ಸ್ ಕೊಡುವ ವಿಷಯದಲ್ಲಿ ನನ್ನ ಕೈ ಸ್ವಲ್ಪ ಬಿಗಿ. ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಉತ್ತರ ಸರಿಯಿದ್ದರೂ ನಡುವೆ ಒಂದು ಹಂತ ಬಿಟ್ಟಿದ್ದರೆ ಅರ್ಧ ಅಂಕ ಕಿತ್ತುಕೊಳ್ಳದೆ ನನಗೆ ಸಮಾಧಾನವಿಲ್ಲ. ಮನೆಯಲ್ಲೂ ಅಷ್ಟೆ. ನಮ್ಮ ಯಜಮಾನರು ಅಪರೂಪಕ್ಕೆ ಉಪ್ಪಿಟ್ಟು ಮಾಡಿ ಹೇಗಿದೆ ಎಂದು ಕೇಳಿದರೆ, "ತಿನ್ನಬಹುದು" ಎನ್ನುವುದೇ ನನ್ನ ಫಸ್ಟ್ ಕ್ಲಾಸು. ಈ ಸ್ವಭಾವವೇ ಒಂದು ದಿನ ನನ್ನ ಬಲಭುಜಕ್ಕೆ ಕುತ್ತು ತರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆ ಭುಜದ ಮೇಲೆ ನನಗೆ ಒಳಗೊಳಗೇ ಹೆಮ್ಮೆಯಿತ್ತೆನ್ನಿ. ಕೈವಾರದ ಗೊಡವೆಯಿಲ್ಲದೆ, ಒಂದೇ ಬೀಸಿಗೆ, ಬೋರ್ಡಿನ ತುಂಬ ವೃತ್ತ ಬರೆಯುತ್ತಿದ್ದೆ. ಹೊಸದಾಗಿ ಬಂದ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಬೇರೆ ಕ್ಲಾಸುಗಳಿಗೆಲ್ಲ ಸ್ಮಾರ್ಟ್ ಬೋರ್ಡು ಬಂದಾಗಲೂ ಹೆಡ್ ಮಿಸ್, "ನಿಮಗ್ಯಾಕ್ರೀ ಅದು, ನಿಮ್ಮ ಕೈಯೇ ಇದೆಯಲ್ಲ" ಎಂದು ನನ್ನ ಕರಿಹಲಗೆಯನ್ನು ಉಳಿಸಿಕೊಟ್ಟಿದ್ದರು. ಅಂಥ ಕೈಯನ್ನು ಮೇಲೆತ್ತಿದರೆ, ವರ್ಷದ ಹಿಂದೆ, ಭುಜದೊಳಗೆ ಯಾರೋ ಚಿವುಟಿದಂತೆ ನೋವು ಬರತೊಡಗಿತು. ವೃತ್ತ ಹೋಗಿ ಮಾವಿನಕಾಯಿಯಾಗತೊಡಗಿತು. "ಮಿಸ್, ಕೈ ನೋವಾ?" ಎಂದು ಮಕ್ಕಳು ಕೇಳಿದರೆ, "ಇಲ್ಲ, ಸುಮ್ನೆ ಬರ್ಕೊಳ್ರೋ" ಎಂದು ಗದರುತ್ತಿದ್ದೆ. ಹೆಡ್ ಮಿಸ್ ಕಿವಿಗೆ ಬಿದ್ದರೆ ಕರಿಹಲಗೆ ಹೋಗುತ್ತದೆ. ಅದು ಹೋದಮೇಲೆ, ಬಟನ್ ಒತ್ತಲು ಈ ವಯಸ್ಸಿನ ನಾನೇ ಯಾಕೆ ಬೇಕು ಎಂಬ ಪ್ರಶ್ನೆ ಅವರಿಗೆ ಬಾರದೆ ಇರುತ್ತದೆಯೇ?

ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರು ಹದಗೆಟ್ಟಿದೆ, ಆಪರೇಷನ್ ಬೇಡ, ವ್ಯಾಯಾಮವೇ ಮದ್ದು ಎಂದರು ಡಾಕ್ಟರು. ಹಾಗೆ ನಾನು ಶಿವಾಜಿನಗರದ ಹುಡುಗಿ ಸಮೀನಾಳ ಕೈಗೆ ಬಿದ್ದೆ. ಫಿಸಿಯೋಥೆರಪಿಸ್ಟು. ಮನೆಯಲ್ಲಿ ದಖ್ಖನಿ ಉರ್ದು, ನನ್ನ ಹತ್ತಿರ ಅಚ್ಚ ಬೆಂಗಳೂರು ಕನ್ನಡ. ತನ್ನ ಕ್ಲಿನಿಕ್ಕಿನ ಕಿಟಕಿ ಸರಳಿಗೆ ಹಳದಿ ರಬ್ಬರ್ ಪಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟು, "ಎಳೀರಿ ಮಿಸ್. ಸ್ವಲ್ಪ ನೋವು ಬಂದ್ರೆ ಹೆದರ್ಬೇಡಿ. ಹತ್ತಕ್ಕೆ ಐದರ ಒಳಗಿದ್ರೆ ನಡಿಯತ್ತೆ. ಈಗ ಎಷ್ಟಿದೆ?" ಎಂದಳು.

ನನ್ನ ಕಣ್ಣಲ್ಲಿ ನೀರು ತುಂಬಿತ್ತು. "ಮೂರು" ಎಂದೆ.

ಏನು ಮಾಡಲಿ ಹೇಳಿ. ಹತ್ತು ಎಂದರೆ ಹೆರಿಗೆನೋವು. ಎಂಟು ಹಲ್ಲುನೋವಿಗೆ ಸಲ್ಲಬೇಕು. ಯಕಶ್ಚಿತ್ ಭುಜಕ್ಕೆ ಮೊದಲ ಟೆಸ್ಟಿನಲ್ಲೇ ಐದು ಆರು ಕೊಟ್ಟುಬಿಟ್ಟರೆ ಮುಂದೆ ತಲೆಯ ಮೇಲೆ ಕೂರುವುದಿಲ್ಲವೇ? ನನ್ನ ಮೂರನ್ನು ನಂಬಿ ಸಮೀನಾ ಖುಷಿಯಾಗಿ ಹಳದಿ ಪಟ್ಟಿ ಬಿಚ್ಚಿ ಅದಕ್ಕಿಂತ ಬಿಗಿಯಾದ ಕೆಂಪು ಕಟ್ಟಿದಳು. ಆಗಲೂ ಮೂರು ಎಂದೆ. ಇನ್ನೂ ಬಿಗಿಯಾದ ಹಸಿರು ಬಂತು.

ಆಮೇಲಿನ ದಿನಗಳ ಹೆದರಿಕೆ ಯಾರಿಗೂ ಬೇಡ. ಮೆಟ್ರೋದಲ್ಲಿ ಬಲಗೈಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಲ್ಲುತ್ತಿದ್ದೆ. ಒಮ್ಮೆ ಬಟ್ಟೆ ಒಣಹಾಕುವಾಗ ಟಕ್ಕೆಂದು ಸದ್ದಾಯಿತು. ನಾರು ಹರಿದೇ ಹೋಯಿತೆಂದು ಅಲ್ಲೇ ಕುಸಿದು ಕುಳಿತೆ. ನೋಡಿದರೆ ಬಟ್ಟೆಯ ಕ್ಲಿಪ್ಪು ಮುರಿದಿತ್ತು. ಅದನ್ನು ಕಂಡ ನಮ್ಮ ಯಜಮಾನರು ಮರುದಿನ ತಾವೇ ಜೊತೆಗೆ ಹೊರಟರು. ಸಮೀನಾ ಎಂದಿನಂತೆ ಎಷ್ಟು ಎಂದು ಕೇಳಿದಳು, ನಾನು ಎಂದಿನಂತೆ ಮೂರು ಎಂದೆ.

"ಮೂರಂತೆ" ಎಂದರು ಇವರು. "ಹದಿನೈದು ದಿನದಿಂದ ಇವಳಿಗೆ ಜಡೆ ಹಾಕ್ತಿರೋದು ನಾನಮ್ಮ."

ಸಮೀನಾ ನನ್ನ ಓರೆಕೋರೆ ಜಡೆಯನ್ನು ನೋಡಿದಳು. "ಮಿಸ್, ಇಷ್ಟು ದಿನ ಸುಳ್ಳು ಹೇಳಿದ್ರಾ?"

"ಸುಳ್ಳಲ್ಲಮ್ಮ, ವ್ಯಾಲ್ಯುಯೇಷನ್ ಸ್ವಲ್ಪ ಸ್ಟ್ರಿಕ್ಟು" ಎಂದೆ.

ಅವಳು ನಗಲಿಲ್ಲ. "ಇನ್ಮೇಲೆ ನಾನು ನಂಬರ್ ಕೇಳಲ್ಲ. ನಿಮ್ಮ ಮುಖ ನೋಡ್ತೀನಿ" ಎಂದು ಮತ್ತೆ ಹಳದಿ ಪಟ್ಟಿಗೇ ಇಳಿಸಿದಳು. ಈ ವಯಸ್ಸಿನಲ್ಲಿ ಫೇಲಾಗಿ ಹಿಂದಿನ ಕ್ಲಾಸಿಗೆ ಹೋದಂತಾಯಿತು. ಆದರೆ ಹಾಗೆ ಕೂತು ಮೊದಲಿನಿಂದ ಕಲಿತದ್ದಕ್ಕೇ ಇರಬೇಕು, ತಿಂಗಳುಗಳು ಕಳೆದಂತೆ ಕೈ ಮೇಲೇಳತೊಡಗಿತು. ಮೊನ್ನೆ ಸಮೀನಾ ನನ್ನ ಮುಖ ನೋಡಿ, "ಇನ್ನು ಮೊದಲಿನ ಹಾಗೆ ಬೋರ್ಡ್ ತುಂಬ ಬರೀಬಹುದು ಮಿಸ್" ಎಂದಳು.

ಮರುದಿನ ಚಾಕ್‌ಪೀಸು ಹಿಡಿದು ಕೆಳಗಿನಿಂದ ವೃತ್ತ ಶುರುಮಾಡಿದೆ. ಕೈ ಮೇಲೆ ಹೋಯಿತು, ನೆತ್ತಿ ದಾಟಿತು, ಇನ್ನೇನು ಇಳಿದು ಕೂಡಿಕೊಳ್ಳಬೇಕು, ಅಲ್ಲಿ ನಿಂತುಬಿಟ್ಟಿತು. ನೋವಿರಲಿಲ್ಲ. ಸತ್ಯವಾಗಿಯೂ ಸೊನ್ನೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಅದರ ದಾರಿ ಕಾಯುತ್ತ ನಿಂತಿದ್ದೆ. "ಮಿಸ್, ನೋವಾ?" ಎಂದು ಯಾರೋ ಮೆಲ್ಲಗೆ ಕೇಳಿದರು. "ಇಲ್ಲ" ಎಂದೆ. ಇಡೀ ವರ್ಷದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. ಒಬ್ಬರೂ ನಂಬಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು, "ಕೊಡಿ ಮಿಸ್, ನಾನು ಮುಗಿಸ್ತೀನಿ" ಎಂದು ನನ್ನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು ಉಳಿದ ಗೆರೆಯನ್ನು ಸೊಟ್ಟಪಟ್ಟ ಎಳೆದು ಕೂಡಿಸಿದಳು. ಹೆದರಿದ್ದೆ ಎಂದು ಅಷ್ಟು ಮಕ್ಕಳ ಮುಂದೆ ಹೇಳುವುದಕ್ಕಿಂತ ಇದೇ ವಾಸಿ ಎನಿಸಿ, ಒಂದಿಷ್ಟೂ ನೋಯದ ಭುಜವನ್ನು ಹಿಡಿದುಕೊಂಡು ನಾನು ಮೆಲ್ಲಗೆ ಕುರ್ಚಿಯಲ್ಲಿ ಕುಳಿತೆ.