ಬೆನ್ನು ತೋರಿಸದ ಗಾಡಿ

ಮಾವನ ಮನೆಗೆ ಕಾಲಿಡಬೇಡ ಎಂದು ಅಳಿಯನಿಗೆ ಹೇಳಲು ಲೋಕದಲ್ಲಿ ನೂರು ಕಾರಣಗಳಿರಬಹುದು. ಕುಡಿತ, ಜೂಜು, ಸೋಮಾರಿತನ, ಹೀಗೆ. ಜಿರ್ಗಾಲನಿಗೆ ಇವು ಯಾವುವೂ ಇರಲಿಲ್ಲ. ಪಾಪ, ಅವನಿಗಿದ್ದದ್ದು ಬ್ರೇಕಿನ ತೊಂದರೆ ಒಂದೇ.

ಅವನ ಗಾಡಿಯ ಹೆಸರು ಕೂಲಾ. ಸೋವಿಯತ್ ಕಾಲದ ಜೀಪು, ವಯಸ್ಸಿನಲ್ಲಿ ಜಿರ್ಗಾಲನಿಗಿಂತ ಎರಡು ವರ್ಷ ಹಿರಿದು. ಬಂಡೆ, ಹೊಳೆ, ಮೊಣಕಾಲುದ್ದದ ಹಿಮ, ಯಾವುದಕ್ಕೂ ಜಗ್ಗದೆ ಹೋಗುತ್ತಿತ್ತು. ನಿಲ್ಲುವುದೊಂದನ್ನು ಮಾತ್ರ ಕಲಿತಿರಲಿಲ್ಲ. ಊರಂಚಿನ ಸೇತುವೆಯ ಹತ್ತಿರ ಎರಡೂ ಕಾಲಿನಿಂದ ಪೆಡಲು ತುಳಿದರೆ ಸರಿಯಾಗಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಆದರೆ ಮಾವ ಇಶೆನ್‌ಬಾಯ್ ಬೇಸಿಗೆಯಲ್ಲಿ ಬೀಡುಬಿಡುವ ಬೆಟ್ಟದ ಹುಲ್ಲುಗಾವಲಿನಲ್ಲಿ ಸೇತುವೆ ಎಲ್ಲಿಂದ ಬರಬೇಕು? ಹೋದ ವರ್ಷ ಕೂಲಾ ಮಾವನ ಗುಡಾರದ ಅಡುಗೆಯ ಕಡೆಯಿಂದ ಒಳಗೆ ನುಗ್ಗಿ, ನಲವತ್ತು ಲೀಟರ್ ಕುಮಿಸ್ ತುಂಬಿದ ಚರ್ಮದ ಚೀಲಕ್ಕೆ ಮೂತಿ ಒತ್ತಿ ನಿಂತಿತು. (ಹುಳಿತ ಕುದುರೆಹಾಲನ್ನೆಲ್ಲ ನೆಲ ಕುಡಿಯಿತು. ಅಲ್ಲಿಯ ಹುಲ್ಲು ಮೇಯ್ದ ಕುರಿಗಳು ಎರಡು ದಿನ ಬಹಳ ಖುಷಿಯಾಗಿದ್ದವು ಎಂಬ ಮಾತಿದೆ.)

"ಅಳಿಯಾ," ಎಂದಿದ್ದ ಮುದುಕ, ಗಡ್ಡದಿಂದ ಕುಮಿಸ್ ಒರೆಸಿಕೊಳ್ಳುತ್ತ, "ನಿನ್ ಗಾಡಿ ನಿಲ್ಲೋದು ಕಲಿಯೋವರ್ಗೂ ನೀನು ಈ ಕಡೆ ತಲೆ ಹಾಕ್ಬೇಡ."

ಈ ವರ್ಷ ಮಾವನಿಗೆ ಎಪ್ಪತ್ತು ತುಂಬುವ ಹಬ್ಬ. ಉಳಿದಿಬ್ಬರು ಅಳಿಯಂದಿರು ಬಾಗಿಲಿಗೆದುರಾದ ಗೌರವದ ಜಾಗದಲ್ಲಿ ಕೂತು, ಅಳಿಯನಿಗೆ ಸಲ್ಲುವ ಕುರಿಯ ಎದೆಮಾಂಸ ತಿನ್ನುತ್ತಿರುವಾಗ ಜಿರ್ಗಾಲ್ ಮನೆಯಲ್ಲಿ ಕೋಳಿ ಕಾಯುವುದೇ?

"ನಾನೊಬ್ಳೇ ಕುದುರೆ ಮೇಲೆ ಹೋಗ್ಲಾ?" ಎಂದು ಹೆಂಡತಿ ಸೋನುನ್ ಕೆಣಕಿದಳು. "ಗಂಡ ಎಲ್ಲಮ್ಮಾ ಅಂತ ಕೇಳಿದ್ರೆ ಏನು ಹೇಳ್ಲಿ? ಹೋದ್ವರ್ಷ ಬ್ರೇಕ್ ಹಾಕಿದ್ರು, ಇನ್ನೂ ನಿಂತಿಲ್ಲ ಅಂತಾನಾ?"

ಈ ಮಾತು ನಾಟಿತು. ಜಿರ್ಗಾಲ್ ಗುಜರಿಯಿಂದ ಸೇನೆಯ ಹಳೆಯ ಗಾಡಿಯೊಂದರ ಹಿಂದಿನ ಆಕ್ಸಲ್ ತಂದ. ಅದು ಗಟ್ಟಿ, ಎತ್ತರ, ಬಂಡೆಗೆ ತಗಲುವುದಿಲ್ಲ. ಯಾವುದೋ ಜಪಾನಿ ಕಾರು ಬಿಟ್ಟುಹೋದ ಡಿಸ್ಕ್ ಬ್ರೇಕುಗಳನ್ನು ನಾಲ್ಕೂ ಚಕ್ರಕ್ಕೆ ಹೊಂದಿಸಿದ. ಹನ್ನೊಂದು ದಿನ ಗಾಡಿಯ ಕೆಳಗೇ ಸಂಸಾರ. ಸೋನುನ್ ಚಹಾ ತಂದುಕೊಡುವಳು, ಕೇಳಿದ ಸ್ಪ್ಯಾನರ್ ಕೊಡುವಳು, ಕೇಳದ ಸಲಹೆಯನ್ನೂ ಕೊಡುವಳು.

"ರೀ, ಎಣ್ಣೆ ಇಳಿಸೋ ಬಿರಟೆ ಕೆಳಗಿರ್ಬೇಕಲ್ವಾ? ಇದು ಆಕಾಶ ನೋಡ್ತಿದೆ."

"ಇದು ಮಿಲಿಟರಿದು ಕಣೇ. ಮಿಲಿಟರಿಯವ್ರ ಲೆಕ್ಕವೇ ಬೇರೆ."

"ಅಂದ್ರೆ ಎಣ್ಣೆ ಇಳಿಸ್ಬೇಕಾದ್ರೆ ಸೈನಿಕ್ರು ಗಾಡೀನ ಮಗುಚಿ ಹಾಕ್ತಿದ್ರಾ?"

"ನಿನಗೆ ಒಲೆ ಮೇಲೆ ಏನೋ ಸೀದು ಹೋಗ್ತಿರೋ ವಾಸನೆ ಬರ್ತಿಲ್ವಾ?" ಎಂದು ಜಿರ್ಗಾಲ್ ಶಾಸ್ತ್ರಾರ್ಥವನ್ನು ಮುಗಿಸಿದ.

ಕೊನೆಯ ಬೋಲ್ಟು ಬಿಗಿಯಾದದ್ದು ಹಬ್ಬದ ದಿನದ ಬೆಳಿಗ್ಗೆ ಆರಕ್ಕೆ. ಏಳಕ್ಕೆ ಕಂಬಳಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಣುಕು ಬೋರ್ಸೋಕಿನ ಬುಟ್ಟಿ, ಹೊಸ ರುಮಾಲು ಕಟ್ಟಿದ ಹೆಂಡತಿ, ಎಲ್ಲವನ್ನೂ ಹೇರಿಕೊಂಡು ಜಿರ್ಗಾಲ್ ಒಂದನೇ ಗೇರು ಹಾಕಿದ. ಕೂಲಾ ಹಿಂದಕ್ಕೆ ಹೋಗಿ ಕೋಳಿಗೂಡಿಗೆ ಗುದ್ದಿತು. ಕೈ ತಪ್ಪಿತೇನೋ ಎಂದು ಮತ್ತೆ ಹಾಕಿದ. ಕೋಳಿಗೂಡಿನಲ್ಲಿ ಉಳಿದಿದ್ದ ಒಂದು ಗೋಡೆಯೂ ಬಿತ್ತು. ಹೆದರುತ್ತ ರಿವರ್ಸ್ ಹಾಕಿದರೆ ಗಾಡಿ ಮದುವಣಗಿತ್ತಿಯ ಹಾಗೆ ಮೆಲ್ಲಗೆ ಮುಂದಕ್ಕೆ ಹೆಜ್ಜೆಯಿಟ್ಟಿತು. ಆಕ್ಸಲನ್ನು ತಲೆಕೆಳಗಾಗಿ ಕೂರಿಸಿದ್ದಾಗಿತ್ತು. ಚಕ್ರಗಳು ಉಲ್ಟಾ ತಿರುಗುತ್ತಿದ್ದವು. ಈಗ ಕೂಲಾಗೆ ಹಿಂದಕ್ಕೆ ಓಡಲು ನಾಲ್ಕು ಗೇರು, ಮುಂದಕ್ಕೆ ತೆವಳಲು ಒಂದೇ ಒಂದು.

ಸೋನುನ್ ಕೆಳಗಿಳಿದು, ಆಕಾಶ ನೋಡುತ್ತಿದ್ದ ಬಿರಟೆಯನ್ನು ಬಗ್ಗಿ ನೋಡಿ, ಮತ್ತೆ ಬಂದು ಕೂತಳು. ಗಂಡಂದಿರಿಗೆ ಗೊತ್ತು, ಅದು ಬೈಗುಳಕ್ಕಿಂತ ಕಷ್ಟದ್ದು.

ಬಿಚ್ಚಿ ಜೋಡಿಸಲು ಒಂದು ದಿನ ಬೇಕು, ಹಬ್ಬ ಮಧ್ಯಾಹ್ನಕ್ಕೆ. ಹದಿನಾಲ್ಕು ಕಿಲೋಮೀಟರನ್ನು ರಿವರ್ಸ್ ಗೇರಿನಲ್ಲೇ ಮುಂದಕ್ಕೆ ತೆವಳಿದರು. ದಾರಿಯಲ್ಲಿ ಹಸು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ಅವರನ್ನು ಹಿಂದಿಕ್ಕಿ, ನಾಲ್ಕು ಹೆಜ್ಜೆ ಹೋಗಿ, ಕನಿಕರದಿಂದ ತಿರುಗಿ ಬಂದು, "ಹಸುಗೆ ಕಟ್ಟಿ ಎಳೆಸ್ಲಾ ಮಗಾ?" ಎಂದು ಕೇಳಿದಳು.

ಅಲ್ಲಿ ಗುಡಾರದ ಮುಂದೆ ಇಶೆನ್‌ಬಾಯ್ ಕೋಲೂರಿ ನಿಂತಿದ್ದ. ಕುಮಿಸ್ ಚೀಲವನ್ನು ಮೊದಲೇ ದೊಡ್ಡ ಬಂಡೆಯ ಹಿಂದೆ ಅಡಗಿಸಲಾಗಿತ್ತು. ಕೂಲಾ ಮೆಲ್ಲಗೆ ಬಂತು, ಇನ್ನೂ ಮೆಲ್ಲಗೆ ಬಂತು. ಜಿರ್ಗಾಲ್ ಹೆಬ್ಬೆರಳಿನಷ್ಟು ಪೆಡಲು ಒತ್ತಿದ. ಮಾವನ ಕೋಲಿನಿಂದ ಒಂದು ಗೇಣು ದೂರದಲ್ಲಿ ಗಾಡಿ ಕಲ್ಲಿನಂತೆ ನಿಂತಿತು. ಜಿರ್ಗಾಲನ ಎದೆ ಹಿಗ್ಗಿತು. ಹನ್ನೊಂದು ದಿನದ ದುಡಿಮೆಯಲ್ಲಿ ಅರ್ಧವಾದರೂ ಸರಿಯಾಗಿತ್ತಲ್ಲ.

"ನಿಂತ್ಕೊಂತು," ಎಂದ ಮುದುಕ, ನಂಬಲಾಗದೆ. ಗಾಡಿಯನ್ನು ಒಂದು ಸುತ್ತು ಬಂದ. "ಇಷ್ಟು ನಿಧಾನಕ್ಕೆ ಯಾಕೆ ಬಂದೆ?"

"ನಿಮ್ ಹಬ್ಬದ ದಿನ ಧೂಳೆಬ್ಬಿಸ್ಬಾರ್ದು ಅಂತ, ಅತಾ," ಎಂದ ಜಿರ್ಗಾಲ್, ಮಾವನನ್ನು ಅಪ್ಪನೆಂದೇ ಕರೆಯುತ್ತ. ಪಕ್ಕದಲ್ಲಿ ಸೋನುನ್‌ಗೆ ಕೆಮ್ಮು ಬಂತು.

ಅಂತೂ ಗೌರವದ ಜಾಗ ಸಿಕ್ಕಿತು, ಎದೆಮಾಂಸವೂ ಸಿಕ್ಕಿತು. ಬಂಡೆಯ ಹಿಂದಿನಿಂದ ಕುಮಿಸ್ ಕೂಡ ಹೊರಬಂತು. ಜಿರ್ಗಾಲ್ ಮಾತ್ರ ಬಾಗಿಲಾಚೆಯ ಗಾಡಿಯನ್ನೇ ನೋಡುತ್ತಿದ್ದ, ಏಕೆಂದರೆ ವಾಪಸು ಹೋಗಬೇಕಿತ್ತು. ಇಡೀ ಬಳಗ ಬೀಳ್ಕೊಡಲು ಹೊರಗೆ ಬಂದು ನಿಂತಿತು. ಗಾಡಿಯ ಮೂತಿ ಗುಡಾರದ ಕಡೆಗಿತ್ತು. ತಿರುಗಿಸಿಕೊಂಡು ಎಲ್ಲರೆದುರು ಬಸವನಹುಳುವಿನಂತೆ ಹೊರಟರೆ ಗುಟ್ಟು ರಟ್ಟಾಗಿ, ಬಾಗಿಲ ಬಳಿಯ ಚಪ್ಪಲಿಗಳ ಪಕ್ಕವೇ ಮುಂದಿನ ವರ್ಷದ ಜಾಗ ಖಾತ್ರಿ.

"ಒಂದನೇ ಗೇರು ಹಾಕಿ," ಎಂದು ಸೋನುನ್ ಪಿಸುಗುಟ್ಟಿದಳು. "ಹಿಂದಕ್ಕೇ ಹೋಗೋಣ."

"ತಲೆ ಕೆಟ್ಟಿದೆಯೇನೇ? ಇಳಿಜಾರು."

"ಒಂಬತ್ತು ವರ್ಷದಿಂದ ನಿಮ್ಮಮ್ಮನ ಮನೇಲಿ ಹಿರಿಯರಿಗೆ ಬೆನ್ನು ತೋರಿಸ್ಬಾರ್ದು ಅಂತ ಚಹಾ ತಟ್ಟೆ ಹಿಡ್ಕೊಂಡು ಹಿಂದಕ್ಕೇ ನಡೀತಿದ್ದೀನಿ. ಒಂದು ಬಟ್ಟಲು ಒಡೆದಿದ್ದೀನಾ? ದಾರಿ ನಾನು ಹೇಳ್ತೀನಿ. ನೀವು ಅಪ್ಪನ್ನೇ ನೋಡ್ತಾ, ಎದೆ ಮೇಲೆ ಕೈ ಇಟ್ಕೊಂಡು ಸುಮ್ನೆ ಓಡ್ಸಿ."

ಜಿರ್ಗಾಲ್ ಓಡಿಸಿದ. ಒಂದನೇ ಗೇರು, ಎರಡನೇ ಗೇರು. ಸೋನುನ್ ಹಿಂದಕ್ಕೆ ಕತ್ತು ತಿರುಗಿಸಿ, "ಎಡಕ್ಕೆ, ಇನ್ನೂ ಎಡಕ್ಕೆ, ಕುರಿ ಇದೆ, ಈಗ ನೇರ" ಎನ್ನುತ್ತಿದ್ದಳು. ಅವಳು ಬ್ರೇಕ್ ಎಂದಾಗ ಬ್ರೇಕು ಹಿಡಿಯುತ್ತಿತ್ತು, ಬಿಡಿ ಎಂದಾಗ ಬಿಡುತ್ತಿತ್ತು. ಮೂರನೇ ಗೇರು ಬೀಳುವ ಹೊತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎರಡು ಕಿಲೋಮೀಟರು, ಬೆಟ್ಟದ ತಿರುವಿನವರೆಗೂ, ಜಿರ್ಗಾಲ್ ಮಾವನಿಗೆ ಮುಖವಿಟ್ಟು, ತಲೆ ಬಾಗಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡೇ ಹಿಂದೆ ಸರಿದ. ದೂರದಲ್ಲಿ ಮುದುಕ ತನ್ನ ಬಿಳಿ ಟೊಪ್ಪಿಗೆ ತೆಗೆದು ಹಿಡಿದು ನಿಂತದ್ದು ಚುಕ್ಕೆಯಂತೆ ಕಾಣಿಸಿತು.

ಮರುದಿನವೇ ಜಿರ್ಗಾಲ್ ಆಕ್ಸಲ್ ಬಿಚ್ಚಿ ಸರಿಯಾಗಿ ಜೋಡಿಸಿದ. ಬಿರಟೆ ನೆಲ ನೋಡಿತು. ಗಾಡಿ ಮುಂದಕ್ಕೆ ನಾಲ್ಕು ಗೇರಿನಲ್ಲಿ ಓಡಿತು, ತಟ್ಟನೆ ನಿಂತಿತು. ಅವನು ತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತಿರುವಾಗ ಸೋನುನಳ ಅಣ್ಣ ಕುದುರೆಯ ಮೇಲೆ ಬಂದ.

"ಏನು ಮಾಡ್ಬಿಟ್ಟೆ ಮಾರಾಯ," ಎಂದ ಅವನು ಇಳಿಯುತ್ತಲೇ. "ಅಪ್ಪ ಕಣ್ಣೀರು ಹಾಕಿದ್ರು. ಸೊಸೇರೂ ಬಾಗಿಲವರ್ಗೆ ಮಾತ್ರ ಹಾಗೆ ನಡೀತಾರೆ, ಇವನು ಬೆಟ್ಟ ಇಳಿಯೋವರ್ಗೂ ನನಗೆ ಬೆನ್ನು ತೋರಿಸ್ಲಿಲ್ಲ ಅಂತ. ಬೇರೆ ಅಳಿಯಂದಿರಿಗೂ ಹಾಗೇ ಹೋಗ್ಬೇಕು ಅಂದ್ರು. ದೊಡ್ಡೋನ ಕಾರು ಇನ್ನೂ ಹಳ್ಳದಲ್ಲೇ ಇದೆ. ಈ ಭಾನುವಾರ ಸುತ್ತಲಿನ ಏಳು ಬೀಡಿನವ್ರನ್ನೂ ಕರೆದಿದ್ದಾರೆ. ನಿನ್ನ ಬರ ಹೇಳಿದ್ದಾರೆ. ಬರೋದು ಹೆಂಗಾದ್ರೂ ಬಾ, ನೀನು ಹೋಗೋದನ್ನ ಎಲ್ರೂ ನೋಡ್ಬೇಕಂತೆ."

ಜಿರ್ಗಾಲ್ ಹೊಳೆಯುತ್ತಿದ್ದ ಗಾಡಿಯನ್ನು ನೋಡಿದ. "ಸರಿಯಾದ ಗಾಡೀಗೂ ರಿವರ್ಸ್ ಇರುತ್ತಲ್ಲ," ಎಂದ ಮೆತ್ತಗೆ.

"ಒಂದೇ ಗೇರು," ಎಂದಳು ಸೋನುನ್. "ಅದರಲ್ಲಿ ಆ ತಿರುವು ಮುಟ್ಟೋಷ್ಟರಲ್ಲಿ ಅಪ್ಪನಿಗೆ ಎಪ್ಪತ್ತೊಂದು ತುಂಬಿರುತ್ತೆ."

ಅವಳು ಒಳಗೆ ಹೋಗಿ ಹಳೆಯ ಕಂಬಳಿ ತಂದು ಗಾಡಿಯ ಕೆಳಗೆ ಹಾಸಿದಳು. ಸ್ಪ್ಯಾನರನ್ನು ಗಂಡನ ಕೈಗಿಟ್ಟಳು.

"ಬಿರಟೆ ಮೇಲಕ್ಕೆ," ಎಂದಳು.

ಜಿರ್ಗಾಲ್ ಗಾಡಿಯ ಕೆಳಗೆ ತೂರಿದ.