ಕನ್ನಡಕ ಹಾಕಿದ ಆಡು

ತಾನು ಎಂದೂ ಬಳಸದ ವಸ್ತುವನ್ನು ಮನುಷ್ಯ ಬಹಳ ಚೆನ್ನಾಗಿ ಆರಿಸುತ್ತಾನೆ. ಕೊಳ್ಳುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ ನಾನು ಕಂಡುಕೊಂಡ ಸತ್ಯ ಇದೊಂದೇ. ದೋಹಾದ ಒಂದು ಏಸಿ ಕಂಪನಿಯಲ್ಲಿ ನಾನು ಪರ್ಚೇಸ್ ಆಫೀಸರ್. ಕಂಪ್ರೆಸರ್, ತಾಮ್ರದ ಪೈಪು, ಗಾಳಿ ಹೋಗುವ ಡಕ್ಟು, ಇವುಗಳಲ್ಲಿ ಒಳ್ಳೆಯದು ಯಾವುದು, ಒಳ್ಳೆಯದರಂತೆ ಕಾಣುವುದು ಯಾವುದು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅದೇ ನಾನು ಅಲ್ ಮನ್ಸೂರಾದ ನಮ್ಮ ಬೀದಿಯ ಅಂಗಡಿಯಿಂದ ಅರ್ಧ ಕಿಲೋ ಬದನೆಕಾಯಿ ತಂದರೆ ಹೆಂಡತಿ ಸುಜಾತಾ ಒಂದೊಂದನ್ನೂ ದೀಪಕ್ಕೆ ಹಿಡಿದು, "ಇಷ್ಟು ದೊಡ್ಡ ತೂತು ಉಂಟಲ್ಲ ಮಾರಾಯ್ರೆ, ನಿಮಗೆ ಕಾಣಲಿಲ್ವಾ?" ಎನ್ನುತ್ತಾಳೆ. ಕಂಡಿರುವುದಿಲ್ಲ. ನನ್ನ ಕನ್ನಡಕಕ್ಕೆ ಆರು ವರ್ಷ. ಅದನ್ನು ಬದಲಾಯಿಸಿ ಎಂದು ಅವಳು ಹೇಳುವುದೂ, ಮುಂದಿನ ವಾರ ಎಂದು ನಾನು ಹೇಳುವುದೂ ನಮ್ಮ ಮನೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್‌ನಂತೆ ಯಾರ ಕಿವಿಗೂ ಬೀಳದ ಶಬ್ದವಾಗಿಬಿಟ್ಟಿದೆ.

ಇಂಥ ಕಣ್ಣಿನ ನನಗೆ, ಕಳೆದ ನವೆಂಬರಿನಲ್ಲಿ, ಇನ್ನೊಬ್ಬರ ಕಣ್ಣನ್ನು ಆರಿಸುವ ಕೆಲಸ ಬಂತು. ನಮ್ಮ ಕಂಪನಿಯ ಮಾಲೀಕ ಜಾಸಿಮ್ ನನ್ನ ಮೇಜಿನ ಮೂಲೆಯ ಮೇಲೆ ಕೂತು, "ಬದ್ಮ, ಬಾಬಾಗೆ ಒಂದು ಥರ್ಮಲ್ ಸ್ಕೋಪ್ ಬೇಕು, ಬೇಟೆಗೆ, ಬಂದೂಕಿನ ಮೇಲೆ ಕೂರಿಸಿ ಕತ್ತಲಲ್ಲಿ ನೋಡಲಿಕ್ಕೆ" ಎಂದ. ನನ್ನ ಹೆಸರು ಪದ್ಮರಾಜ. ಅರಬ್ಬಿಯಲ್ಲಿ ಪಕಾರ ಇಲ್ಲದ್ದರಿಂದ ಇಲ್ಲಿಗೆ ಬಂದ ದಿನದಿಂದ ನಾನು ಬದ್ಮ.

"ನನಗೆ ಬೇಟೆ ಗೊತ್ತಿಲ್ಲ" ಎಂದೆ.

"ಹೋದ ವರ್ಷ ಡಕ್ಟಿನ ಲೀಕ್ ನೋಡಲಿಕ್ಕೆ ಥರ್ಮಲ್ ಕ್ಯಾಮರಾ ತೆಗೆದುಕೊಂಡವನು ನೀನೇ ಅಲ್ವಾ? ಸೇಮ್ ಸೇಮ್. ಅಲ್ಲಿ ಡಕ್ಟು, ಇಲ್ಲಿ ಮೊಲ. ಯಲ್ಲಾ, ಶುರು ಮಾಡು ಬದ್ಮ."

ನಾನು ಕಾರ್ಕಳ ಕಡೆಯ ಜೈನ. ನಮ್ಮ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು. ಅಂಥ ಮನೆಯಿಂದ ಬಂದವನು ಕಣ್ಣಿಗೆ ಕಾಣದ ಮೊಲವನ್ನು ಕಾಣಿಸುವ ಯಂತ್ರ ಆರಿಸಬೇಕು. ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗ ಜಾಸಿಮ್ ದನಿ ತಗ್ಗಿಸಿದ. "ಎರಡು ಚಳಿಗಾಲ ಆಯ್ತು, ಬಾಬಾ ನಮ್ಮ ಜೊತೆ ಮರುಭೂಮಿಯ ಕ್ಯಾಂಪಿಗೆ ಬಂದಿಲ್ಲ. ಮಂಡಿ ನೋವು ಅಂತಾರೆ. ಮಂಡಿ ಸರಿ ಇದೆ, ನಾನು ಡಾಕ್ಟರಿಗೆ ತೋರಿಸಿದೆ. ಈಗ ಹೇಳ್ತಾರೆ, ಒಳ್ಳೆ ಸ್ಕೋಪ್ ತಂದರೆ ಬರ್ತೇನೆ, ಇಲ್ಲದಿದ್ರೆ ಖಲಾಸ್, ಬಂದೂಕು ಯಾರಿಗಾದರೂ ಕೊಡು ಅಂತ."

ಬಾಬಾ ಎಂದರೆ ಜಾಸಿಮ್‌ನ ತಂದೆ. ಎಪ್ಪತ್ತು ದಾಟಿದವರು, ತೆಳ್ಳಗೆ ನೆಟ್ಟಗೆ ಇರುವವರು. ಹಿಂದಿ ಚೆನ್ನಾಗಿ ಬರುತ್ತದೆ. ಚಿಕ್ಕಂದಿನಲ್ಲಿ ತಂದೆಯ ಜೊತೆ ಮುಂಬಯಿಗೆ ಹೋಗಿ ಬರುತ್ತಿದ್ದರಂತೆ. ಆಫೀಸಿಗೆ ಬಂದಾಗ ಚಹಾ ತಂದುಕೊಟ್ಟವನಿಂದ ಹಿಡಿದು ಎಲ್ಲರ ಊರಿನ ಮಳೆ ಬೆಳೆ ವಿಚಾರಿಸುವವರು. ಅವರು ಚಳಿಗಾಲದಲ್ಲಿ ಮನೆಯಲ್ಲಿ ಒಬ್ಬರೇ ಕೂರುವುದನ್ನು ನೆನೆದು ನಾನು "ಸರಿ" ಎಂದೆ.

ಸುಜಾತಾಗೆ ಹೇಳಿದೆ. ಅವಳು ಚಪಾತಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅದಕ್ಕೆಂತ? ಇದ್ದದ್ರಲ್ಲಿ ಕೆಟ್ಟದ್ದನ್ನು ಆರಿಸಿ. ಅಜ್ಜನಿಗೂ ಖುಷಿ, ಮೊಲಕ್ಕೂ ಖುಷಿ. ಪುಣ್ಯ ಬರ್ತದೆ."

ಇದು ನನಗೆ ಮೊದಲೇ ಹೊಳೆದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ದಿನ ಆ ಯೋಚನೆಯನ್ನು ಇಟ್ಟುಕೊಂಡೇ ಓಡಾಡಿದೆ. ಆಮೇಲೆ, ನಿಧಾನವಾಗಿ ಒಂದು ವಿಷಯ ತಿಳಿಯಿತು: ಕೆಟ್ಟ ಸ್ಕೋಪಿನ ಮುಂದೆ ಮೊಲ ಉಳಿಯಬಹುದು, ಆದರೆ ಗುಂಡು ಉಳಿಯುವುದಿಲ್ಲ. ಅದು ಎಲ್ಲಿಗಾದರೂ ಹೋಗಿ ತಾಗಬೇಕಲ್ಲ.

ಹಾಗಾಗಿ ಪ್ರಾಮಾಣಿಕವಾಗಿ ಓದಲು ಕೂತೆ. ಈ ಯಂತ್ರ ಬೆಳಕನ್ನು ನೋಡುವುದಿಲ್ಲ, ಬಿಸಿಯನ್ನು ನೋಡುತ್ತದೆ. ಬಿಸಿಯಾದದ್ದು ಬೆಳ್ಳಗೆ, ತಣ್ಣಗಿನದು ಕಪ್ಪಗೆ. ನಮ್ಮ ಕತಾರಿನ ಬೇಸಿಗೆ ಮಧ್ಯಾಹ್ನದಲ್ಲಿ ಇದು ದಂಡ; ನೆಲವೇ ಪ್ರಾಣಿಗಿಂತ ಬಿಸಿ. ಚಳಿಗಾಲದಲ್ಲಿ, ಹೊತ್ತು ಮುಳುಗಿ ಮರಳು ಆರಿದ ಮೇಲೆ, ಒಂದು ಇಲಿ ಓಡಿದರೂ ದೀಪ ಓಡಿದ ಹಾಗೆ ಕಾಣುತ್ತದೆ. ಎಂಥ ಬುದ್ಧಿವಂತರು ಇದನ್ನು ಮಾಡಿರಬೇಕು ಎಂದು ನಾನು ಬೆರಗಾದೆ, ಈಗಲೂ ಬೆರಗಾಗಿಯೇ ಇದ್ದೇನೆ. ಕಂಪನಿಯವರ ಕಾಗದಗಳಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ದೂರ ಹಾಕಿರುತ್ತಾರೆ. ಅಷ್ಟು ದೂರದಲ್ಲಿ ಏನೋ ಒಂದು ಬಿಸಿ ಇದೆ ಎಂದು ತಿಳಿಯುತ್ತದೆ ಎಂದಷ್ಟೇ ಅದರ ಅರ್ಥ. ಅದು ಏನು ಎಂದು ಗುರುತಾಗುವ ದೂರ ಬೇರೆ. ಅದು ಬಹಳ ಕಡಿಮೆ, ಅದರ ಅಕ್ಷರವೂ ಬಹಳ ಸಣ್ಣದು. ಕೆಲವು ಕಾಗದಗಳಲ್ಲಿ ಅದು ಇರಲೇ ಇಲ್ಲ. ಈ ಸಣ್ಣ ಅಕ್ಷರವನ್ನು ಹಿಡಿದದ್ದು ನನ್ನ ವೃತ್ತಿಜೀವನದ ದೊಡ್ಡ ಸಾಧನೆ ಎಂದು ಸ್ಟೋರ್ ಕೀಪರ್ ವಸಂತ ಶೆಟ್ಟಿಗೆ ಹೇಳಿದೆ. "ಓದಿದ್ದು ಹೇಗೆ ಮಾರಾಯ್ರೆ, ಈ ಕನ್ನಡಕದಲ್ಲಿ?" ಎಂದ ಶೆಟ್ಟಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಓದಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

ಜಾಸಿಮ್ ತನ್ನ ಪರಿಚಯದ ಅಂಗಡಿಗಳಿಂದ ಮೂರು ಸ್ಕೋಪುಗಳನ್ನು ಪರೀಕ್ಷೆಗೆಂದು ತರಿಸಿದ. ಅದರಲ್ಲಿ ಒಂದನ್ನು ಮನೆಗೆ ತಂದೆ. ಸಂಜೆ, ಬಾಲ್ಕನಿಯ ಗಾಜಿನ ಬಾಗಿಲು ಮುಚ್ಚಿಕೊಂಡೇ ಎದುರು ಬಿಲ್ಡಿಂಗಿನ ಕಡೆ ಹಿಡಿದೆ. ಅಲ್ಲಿ ಒಬ್ಬ ದಪ್ಪ ಮನುಷ್ಯ, ಮಸುಕು ಮಸುಕಾಗಿ, ನನ್ನ ಕಡೆಗೇ ಏನೋ ಹಿಡಿದುಕೊಂಡು ನಿಂತಿದ್ದ. ಹಣೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಗಾಬರಿಯಾಯಿತು. ಸಭ್ಯನಾಗಿ ಕೈ ಬೀಸಿದೆ. ಅವನೂ ಬೀಸಿದ.

"ಸುಜಾತಾ, ಎದುರಿನ ಮನೆಯವನ ಹತ್ತಿರವೂ ಒಂದು ಸ್ಕೋಪ್ ಉಂಟು."

ಅವಳು ಬಂದು ಇಣುಕಿದಳು. "ಅದು ನೀವು" ಎಂದು ಹೇಳಿ ಒಳಗೆ ಹೋದಳು. ಈ ಯಂತ್ರ ಗೋಡೆ ಹಾಗಿರಲಿ, ಗಾಜಿನಾಚೆಗೂ ನೋಡುವುದಿಲ್ಲ. ಗಾಜು ನಮ್ಮ ಬಿಸಿಯನ್ನೇ ನಮಗೆ ಮರಳಿಸುತ್ತದೆ. ಇದನ್ನು ನಾನು ಹಿಂದಿನ ದಿನವಷ್ಟೇ ಓದಿ, ಗೆರೆ ಎಳೆದು ಇಟ್ಟಿದ್ದೆ.

ಗುರುತು ಹಿಡಿಯುವ ದೂರವನ್ನು ಕಾಗದದಲ್ಲಿ ನಂಬುವುದು ಬೇಡ, ನೆಲದಲ್ಲಿ ಅಳೆಯೋಣ ಎಂದು ನಾನು ಹಟ ಹಿಡಿದೆ. ಊರಾಚೆಯ ಉಮ್ಮ್ ಸಲಾಲ್ ದಾಟಿದ ಮೇಲೆ ಜಾಸಿಮ್ ಮನೆಯವರಿಗೆ ಒಂಟೆ, ಆಡು ಕಟ್ಟುವ ಒಂದು ದೊಡ್ಡಿ ಇದೆ, ಅದರ ಹಿಂದೆ ಬಯಲು. ಪರೀಕ್ಷೆಗೆ ಅಮಾವಾಸ್ಯೆಯ ಹಿಂದಿನ ಸಂಜೆಯನ್ನು ಗೊತ್ತು ಮಾಡಿದೆ, ಚಂದ್ರನ ಬೆಳಕೂ ಇರಬಾರದೆಂದು. ಬಯಲಿನಲ್ಲಿ ಒಂದು ಆಡು ಕಟ್ಟುವುದು, ಬಾಬಾ ಮೂರರಲ್ಲೂ ನೋಡಿ ಹೇಳುವುದು, ಇಷ್ಟು ಏರ್ಪಾಟು. ಆದರೆ ಆಡು ನಿಲ್ಲಬೇಕಲ್ಲ. ಶೆಟ್ಟಿ ಅದನ್ನು ಎಳೆದುಕೊಂಡು ಹೋದರೆ ಅದು ಶೆಟ್ಟಿಯನ್ನು ಎಳೆದುಕೊಂಡು ವಾಪಸು ಬಂತು. ಎರಡನೇ ಸಲಕ್ಕೆ ಅವನು ಸೊಂಟ ಹಿಡಿದು ನಿಂತ. "ಪರ್ಚೇಸ್ ನಿಮ್ಮದು, ಇನ್‌ಸ್ಪೆಕ್ಷನ್ ನಿಮ್ಮದು. ಆಡು ಮಾತ್ರ ನಾನ್ಯಾಕೆ? ನೀವೇ ಹೋಗಿ ಕೂತ್ಕೊಳ್ಳಿ. ಅಜ್ಜನಿಗೆ ಹೇಳುವುದು ಬೇಡ. ಆಡು ಅಂತಲೇ ಇರಲಿ."

ನನಗೆ ಅದು ಸರಿಯಾದ ಪರೀಕ್ಷೆ ಅನ್ನಿಸಿತು. ಹೊರಡುವ ಮೊದಲು ಬಂದೂಕು ಎಲ್ಲಿದೆ ಎಂದು ಜಾಸಿಮ್‌ನನ್ನು ಕೇಳಿದೆ. ಮನೆಯಲ್ಲಿ, ಬೀರುವಿನಲ್ಲಿ, ಎಂದ. ಬೀರುವಿಗೆ ಬೀಗ ಇದೆಯೇ ಎಂದು ಕೇಳಿದೆ. ಇದೆ ಎಂದ. ಬೀಗದ ಕೈ ಕೇಳಿದೆ. ಅವನು ಜೇಬಿನಿಂದ ತೆಗೆದು ನನ್ನ ಕೈಗೇ ಹಾಕಿ, "ಹಿಡಿದುಕೋ, ಯಲ್ಲಾ" ಎಂದ.

ಮುನ್ನೂರು ಹೆಜ್ಜೆ ಎಣಿಸಿದೆ. ಒಣ ಪೊದೆಯೊಂದರ ಪಕ್ಕ ಮಂಡಿ ಮಡಚಿ, ಕೈ ಊರಿ, ಆಡಿನ ಎತ್ತರಕ್ಕೆ ಕುಳಿತೆ. ಕಿವಿಯಲ್ಲಿ ಇಯರ್‌ಫೋನು, ಆ ಕಡೆ ಶೆಟ್ಟಿ, ಪಿಸುದನಿಯಲ್ಲಿ. ಮರಳು ಆಗಲೇ ತಣ್ಣಗಾಗಿತ್ತು. ಸುತ್ತ ಏನೂ ಕಾಣುತ್ತಿರಲಿಲ್ಲ. ದೊಡ್ಡಿಯ ಕಡೆಯಿಂದ ಒಬ್ಬರು ನನ್ನನ್ನು ನೋಡುತ್ತಿದ್ದಾರೆ, ನನಗೆ ಅವರು ಕಾಣುವುದಿಲ್ಲ. ಮೊಲದ ಜನ್ಮ ಎಂದರೆ ಇದೇ ಎಂದುಕೊಂಡೆ. ಹಸಿವು ಬೇರೆ. ಅಂದು ಚತುರ್ದಶಿ. ಅಷ್ಟಮಿ, ಚತುರ್ದಶಿಗಳಂದು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡಿರುವವನು ನಾನು. ಬಾಬಾ ಬಂದಾಗ ಕೊಟ್ಟ ಖರ್ಜೂರ ಮೂರು ಜೇಬಿನಲ್ಲಿದ್ದವು. ಈ ಕತ್ತಲೆಯಲ್ಲಿ ಯಾರು ನೋಡುತ್ತಾರೆ ಎಂದು ಒಂದನ್ನು ಬಾಯಿಗೆ ಹಾಕಿಕೊಂಡೆ.

"ಮೊದಲನೇದು ನೋಡ್ತಿದ್ದಾರೆ" ಎಂದ ಶೆಟ್ಟಿ. "ಹೌದು, ಆಡು ಅಂತೆ."

ನನಗೆ ಸ್ವಲ್ಪ ಬೇಸರವಾಯಿತು.

"ಎರಡನೇದು. ಆಡೇ ಅಂತೆ. ಮಲಗಿದೆ, ದಪ್ಪ ಇದೆ ಅಂತೆ. ಜಾಸಿಮ್ ಹೇಳ್ತಿದ್ದಾನೆ, ಖಲಾಸ್, ಇದೇ ಸಾಕು, ಎಷ್ಟು ಕ್ಲಿಯರ್ ಇದೆ ಅಂತ."

ಎರಡನೇ ಖರ್ಜೂರ.

"ಮೂರನೇದು." ನಾನು ಅಗಿಯುತ್ತಲೇ ಇದ್ದೆ. ಆಮೇಲೆ ಫೋನಿನಲ್ಲಿ ಬಾಬಾರ ದನಿಯೇ ಕೇಳಿಸಿತು, ಶಾಂತವಾಗಿ, ಹಿಂದಿಯಲ್ಲಿ: "ಶೆಟ್ಟಿ, ನಿನ್ನ ಆಡು ಕನ್ನಡಕ ಹಾಕಿದೆ. ಖರ್ಜೂರ ತಿನ್ನುತ್ತಿದೆ."

ಗಾಜು ಬಿಸಿಯನ್ನು ತಡೆಯುತ್ತದಲ್ಲ, ಹೊಳೆಯುವ ನನ್ನ ಮುಖದಲ್ಲಿ ಕನ್ನಡಕ ಎರಡು ಕಪ್ಪು ಹೊಂಡಗಳಂತೆ ಕಂಡಿತ್ತು. ಅವರ ನಗು ಬಯಲಿನ ಈಚೆ ತುದಿಗೂ ಕೇಳಿಸಿತು. ನಾನು ಎದ್ದು ಮೈ ಕೊಡವಿಕೊಂಡು ನಗುವಿನ ಕಡೆಗೆ ನಡೆದೆ. ದೊಡ್ಡಿಯ ಹತ್ತಿರ ಬಾಬಾ ಬಿಳಿ ನಿಲುವಂಗಿಯಲ್ಲಿ ನನಗಾಗಿ ಎದ್ದು ನಿಂತದ್ದು ಕಂಡಿತು. ಹಿರಿಯರು ಎದ್ದು ನಿಂತರಲ್ಲ ಎಂದು ನಾಚಿ, ಎದೆಯ ಮೇಲೆ ಕೈಯಿಟ್ಟು ಬಗ್ಗಿ, "ಕ್ಷಮಿಸಿ ಬಾಬಾ, ಪರೀಕ್ಷೆಗಾಗಿ ಹೀಗೆ ಮಾಡಿದೆವು" ಎಂದೆ. ಅದು ಬೇಲಿಯ ಕಂಬ. ಯಾರೋ ಒಣಗಲು ಒಂದು ಬಿಳಿ ಚೀಲ ಹಾಕಿದ್ದರು. ಬಾಬಾ ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೂತು, ಇದನ್ನೂ ಮೂರನೇ ಸ್ಕೋಪಿನಲ್ಲಿ ನೋಡುತ್ತಿದ್ದರು.

ಜಾಸಿಮ್‌ಗೆ ಫೋನ್ ಬಂದು ಅವನು ಕಾರಿನ ಕಡೆ ಹೋದ. ಶೆಟ್ಟಿ ಪೆಟ್ಟಿಗೆ ಕಟ್ಟುತ್ತಿದ್ದ. ಬಾಬಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಗು ನಿಂತಿತ್ತು. ಅವರು ಹೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆ, ನನ್ನದೇನೂ ಸೇರಿಸದೆ.

"ಎರಡು ವರ್ಷದ ಹಿಂದೆ, ಕ್ಯಾಂಪಿನಲ್ಲಿ, ಹೀಗೇ ಹೊತ್ತು ಮುಳುಗಿತ್ತು. ಪೊದೆ ಹತ್ತಿರ ಮೊಲ ಇದೆ ಎಂದು ಹುಡುಗರು ಹೇಳಿದರು. ನೋಡಿದೆ, ಮೊಲ ಕಂಡಿತು. ಬಂದೂಕಿನ ಕುದುರೆಗೆ ಬೆರಳು ಇಟ್ಟೆ. ಮೊಲ ಕೆಮ್ಮಿತು. ಅದು ಕುರಿ ಕಾಯುವವನು, ನಮಾಜಿಗೆಂದು ಬಗ್ಗಿ ಕೈಕಾಲು ತೊಳೆಯುತ್ತಿದ್ದ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ನನಗೆ ಹಾಲು ತಂದುಕೊಟ್ಟ. ಕುಡಿದೆ." ಸ್ಕೋಪುಗಳ ಕಡೆ ಕೈ ತೋರಿಸಿದರು. "ಈಗಲೂ ನೋಡು, ಆಡು ಅಂದರು, ಎರಡರಲ್ಲಿ ನನಗೆ ಆಡೇ ಕಂಡಿತು. ಮೂರನೆಯದು ನನ್ನ ಮಾತು ಕೇಳಲಿಲ್ಲ."

ಬೀಗದ ಕೈ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಮೂಡಿತ್ತು. ನಮ್ಮಲ್ಲಿ ಅಹಿಂಸೆಯ ಬಗ್ಗೆ ಬಾಲ್ಯದಿಂದ ಕೇಳಿದ್ದೇನೆ. ಆಗದೇ ಹೋದ ಒಂದು ತಪ್ಪಿಗೆ, ಯಾರೂ ನೋಡದ ಒಂದು ತಪ್ಪಿಗೆ, ತನಗೆ ಅತ್ಯಂತ ಪ್ರಿಯವಾದದ್ದನ್ನು ಎರಡು ವರ್ಷ ಬಿಟ್ಟು, ಮಂಡಿ ನೋವೆಂದು ಹೇಳಿಕೊಂಡು ಕೂತವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಜೇಬಿನಲ್ಲಿ ಉಳಿದಿದ್ದ ಮೂರನೇ ಖರ್ಜೂರವನ್ನು ನಾನು ಅಂದು ತಿನ್ನಲಿಲ್ಲ.

ಮೂರನೆಯ ಸ್ಕೋಪು ಎಲ್ಲಕ್ಕಿಂತ ಭಾರ. ಅದರ ಕಾಗದದಲ್ಲಿ ದೊಡ್ಡ ಅಕ್ಷರದ ದೂರ ಎಲ್ಲಕ್ಕಿಂತ ಕಡಿಮೆ. ನನ್ನ ಪಟ್ಟಿಯಲ್ಲಿ ಅದು ಮೊದಲ ನೋಟಕ್ಕೇ ಬಿದ್ದುಹೋಗುತ್ತಿತ್ತು. ನಾನು ಪಟ್ಟಿಗೆ ಹೊಸ ಕಾಲಂ ಸೇರಿಸಿ, "ಪದ್ಮರಾಜನನ್ನು ಗುರುತಿಸಿದ ದೂರ" ಎಂದು ಬರೆದೆ. ಮೊದಲ ಎರಡರ ಎದುರು "ಇಲ್ಲ", ಮೂರನೆಯದರ ಎದುರು "ಮುನ್ನೂರು ಹೆಜ್ಜೆ, ತಿನ್ನುತ್ತಿದ್ದಾಗ". ಆ ಪಟ್ಟಿ ಈಗಲೂ ಕಂಪ್ರೆಸರುಗಳ ಫೈಲಿನಲ್ಲೇ ಇದೆ.

ಮೂರನೆಯ ಸ್ಕೋಪನ್ನೇ ಕೊಂಡೆವು, ಬಾಬಾ ಕ್ಯಾಂಪಿಗೆ ಹೋದರು. ಹತ್ತು ದಿನ ನಾನು ಫೋನು ಬಡಿದಾಗಲೆಲ್ಲ ಬೆಚ್ಚಿದೆ. ಹನ್ನೊಂದನೆಯ ದಿನ ಬಾಬಾ, ಬಿಸಿಲಿಗೆ ಕಪ್ಪಾಗಿ, ಹತ್ತು ವರ್ಷ ಕಿರಿಯರಂತೆ ಆಫೀಸಿಗೆ ಬಂದರು. ಜಾಸಿಮ್ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ. ಎಷ್ಟು ಮೊಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಬೆರಳು ಮಡಚಿದರು.

"ಒಂಬತ್ತು ಸಲ ನೋಡಿದೆ. ಗುರುತು ಸಿಗುವವರೆಗೆ ಬಂದೂಕಿಗೆ ಗುಂಡು ಹಾಕಲಿಲ್ಲ. ಎರಡು ಸಲ ಹೊಡೆದೆ, ಒಂದು ತಪ್ಪಿತು. ಉಳಿದ ಏಳರಲ್ಲಿ ಮೂರು ಬಿಸಿಲಿಗೆ ಕಾದ ಕಲ್ಲು, ಒಂದು ನರಿ. ಎರಡು ಏನೆಂದು ತಿಳಿಯಲಿಲ್ಲ, ಬಿಟ್ಟೆ."

ನಾನು ಲೆಕ್ಕ ತಪ್ಪುವವನಲ್ಲ. "ಅದು ಆರಾಯಿತು ಬಾಬಾ. ಏಳನೆಯದು?"

"ಜಾಸಿಮ್."

ಜಾಸಿಮ್ ಚಹಾದ ಲೋಟ ಕೆಳಗಿಟ್ಟ. "ನಾನಾ? ಯಾವಾಗ?"

"ಮೂರನೇ ದಿನ, ಪೊದೆಯ ಹಿಂದೆ. ನೀನು ಕೂತಿದ್ದೆ. ನಿನಗೆ ಅವಸರ ಇತ್ತು, ನಾನು ಮಾತಾಡಿಸಲಿಲ್ಲ."

ನಾವು ನಕ್ಕೆವು. ಜಾಸಿಮ್ ತಡವಾಗಿ ನಕ್ಕ. ನಗುತ್ತಿದ್ದಂತೆಯೇ ತಂದೆಯ ಕೈಯನ್ನು ಹಿಡಿದುಕೊಂಡು, ಚಹಾ ಆರುವವರೆಗೂ ಬಿಡಲಿಲ್ಲ.

ಹೊರಡುವಾಗ ಬಾಬಾ ನನ್ನ ಕನ್ನಡಕವನ್ನು ತಾವೇ ತೆಗೆದು, ಬೆಳಕಿಗೆ ಹಿಡಿದು, ಮತ್ತೆ ನನ್ನ ಮೂಗಿನ ಮೇಲೆ ಕೂರಿಸಿದರು. "ಬದ್ಮ, ನನ್ನ ಕಣ್ಣನ್ನು ಇಷ್ಟು ಚೆನ್ನಾಗಿ ಆರಿಸಿದೆ. ನಿನ್ನದನ್ನು ಯಾರು ಆರಿಸಬೇಕು? ಆ ಕಂಬವೇ?"

ಆ ವಾರವೇ ಸುಜಾತಾ ನನ್ನನ್ನು ದೋಹಾ ಅಲ್ ಜದೀದಾದ ಒಂದು ಕನ್ನಡಕದ ಅಂಗಡಿಗೆ ಕರೆದೊಯ್ದಳು. ಇನ್ನೂ ಎರಡು ಅಂಗಡಿ ವಿಚಾರಿಸಿ, ಪಟ್ಟಿ ಮಾಡಿ ನೋಡೋಣ ಎಂದೆ. ಅವಳು ಅಂಗಡಿಯವನಿಗೆ, "ಇವರ ಮಾತು ಕೇಳ್ಬೇಡಿ, ನಂಬರ್ ನೋಡಿ ಕೊಡಿ" ಎಂದಳು. ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬಂದು ಬದನೆಕಾಯಿಯ ತೂತು ನೋಡಿದೆ, ಗೋಡೆಯ ಮೇಲಿನ ಕಲೆ ನೋಡಿದೆ. ಅಂದು ಅಷ್ಟಮಿ; ಮುಸ್ಸಂಜೆ ಬಾಲ್ಕನಿಯ ಗಾಜಿನೆದುರು ನಿಂತೆ. ಅದೇ ದಪ್ಪ ಮನುಷ್ಯ, ಅದೇ ಹಣೆ, ಕೈಯಲ್ಲಿ ಹೆಂಡತಿಗೆ ತಿಳಿಯದಂತೆ ತಂದ ಒಂದು ಖರ್ಜೂರ. ಈ ಸಲ ಗುರುತು ಹತ್ತಿತು. ಕೈ ಬೀಸಲಿಲ್ಲ.