ಯಜಮಾನರ ಬಾಣಕ್ಕೆ ಗರಿ ಹುಡುಕಿದ್ದು

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಮನೆಯಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಬಿ.ಎಸ್ಸಿ. ಓದಿದವಳು, ಆದದ್ದನ್ನು ಆದ ದಿನವೇ ಬರೆದಿಡುವುದು ಅಭ್ಯಾಸ. ಇಲ್ಲದಿದ್ದರೆ ಮರುದಿನ ಅವರೇ ಹಾಗೆಲ್ಲ ಆಗೇ ಇಲ್ಲ ಅನ್ನುತ್ತಾರೆ. ಇವು ಅವರು ಬಿಲ್ಲು ಹಿಡಿದ ವರ್ಷದ ಸಂಗತಿಗಳು.

ಮಕ್ಕಳ ಬ್ಯಾಚು

ಹಲಸೂರಿನ ನಮ್ಮ ಮನೆಯಿಂದ ಹತ್ತಿರವೇ, ಇಂದಿರಾನಗರದ ಒಂದು ಮೈದಾನದಲ್ಲಿ ಬಿಲ್ಲುವಿದ್ಯೆ ಕಲಿಸುತ್ತಾರೆ. ಡಾಕ್ಟರು ಭುಜಕ್ಕೆ ವ್ಯಾಯಾಮ ಬೇಕು ಅಂದದ್ದೇ ನೆಪ, ಇವರು ಮರದ ಬಿಲ್ಲೊಂದು ಕೊಂಡು ಸೇರಿಕೊಂಡರು. ಬಾಣ ಗುರಿಯ ಬೋರ್ಡಿಗೆ ತಾಗುವುದೇ ಇಲ್ಲ ಅಂತ ಕೋಚ್ ಇವರನ್ನು ಮಕ್ಕಳ ಬ್ಯಾಚಿಗೆ ಹಾಕಿದರು. ಕೋಚ್ ನಮ್ಮ ಸೊಸೆಯ ವಯಸ್ಸಿನವರು, ಆದರೆ ಖಡಕ್ಕು. ವರ್ಷಕ್ಕೊಂದೇ ಪರೀಕ್ಷೆ, ಅದು ಈ ತಿಂಗಳ ಕೊನೆಯ ಭಾನುವಾರ, ಆರು ಬಾಣವೂ ಬೋರ್ಡಿನಲ್ಲಿ ನಿಂತರೆ ದೊಡ್ಡವರ ಬ್ಯಾಚು, ಇಲ್ಲದಿದ್ದರೆ ಇನ್ನೊಂದು ವರ್ಷ ಇಲ್ಲೇ ಅಂದರಂತೆ.

ಇವರಿಗೆ ಊಟ ರುಚಿಸದಾಯಿತು. ಅವಸರ ಏನಿದೆ, ನಿಧಾನಕ್ಕೆ ಕಲಿಯಿರಿ ಅಂದೆ. ಆಗ ಬಾಯಿಬಿಟ್ಟರು. ಪಕ್ಕದಲ್ಲಿ ನಿಲ್ಲುವ ಮೂರನೇ ಕ್ಲಾಸಿನ ಹುಡುಗಿ ಇವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳಂತೆ: "ತಾತ, ನೀವು ಫೇಲ್ ಆಗಿ ಆಗಿ ಇಲ್ಲೇ ಉಳ್ಕೊಂಡ್ಬಿಟ್ರಾ?"

ಪ್ಲಾಸ್ಟಿಕ್ಕು

ತಪ್ಪು ಕೈಯದಲ್ಲ, ಗರಿಯದು ಅಂತ ಇವರ ವಾದ. ಬಾಣ ನೆಟ್ಟಗೆ ಹೋಗಲಿ ಅಂತ ಅದರ ಹಿಂಬದಿಗೆ ಮೂರು ಗರಿ ಅಂಟಿಸಿರುತ್ತಾರೆ. ಇವರ ಬಾಣದವು ಪ್ಲಾಸ್ಟಿಕ್ಕಿನವು. ಮರದ ಬಿಲ್ಲಿನಲ್ಲಿ ಗರಿ ಬಿಲ್ಲಿಗೆ ಉಜ್ಜಿಕೊಂಡೇ ಹೋಗುತ್ತದೆ. ಪ್ಲಾಸ್ಟಿಕ್ಕು ಮಣಿಯದೆ ಬಾಣವನ್ನೇ ಪಕ್ಕಕ್ಕೆ ತಳ್ಳಿಬಿಡುತ್ತದೆ. ಈ ಮಾತಿನಲ್ಲಿ ಸತ್ಯವಿತ್ತು, ಭೌತಶಾಸ್ತ್ರ ಓದಿದವಳಾಗಿ ಒಪ್ಪಿದೆ. ಹಾಗಾದರೆ ಬಾಣ ನಾವೇ ಮಾಡೋಣ ಅಂದರು.

ಗರಿ ದೊಡ್ಡದಾದಷ್ಟೂ ಬಾಣದ ಓಲಾಟ ಕಡಿಮೆ ಅಂತ ನಾನು ವಿವರಿಸಿ, ಆನ್‌ಲೈನಿನಲ್ಲಿ ಸಿಕ್ಕಿದ್ದರಲ್ಲೇ ಅತಿ ಉದ್ದದ, ಅತಿ ಮೆತ್ತನೆಯ ಪ್ಲಾಸ್ಟಿಕ್ ಗರಿ ತರಿಸಿದೆ. ಬಾಣ ನಾನು ಹೇಳಿದ ಹಾಗೆಯೇ ಒಂಚೂರೂ ಓಲಾಡದೆ ಹೋಯಿತು. ಬೋರ್ಡಿನವರೆಗೆ ಹೋಗಲಿಲ್ಲ, ಅಷ್ಟೆ.

ಟರ್ಕಿ ಕೋಳಿ

ಹಕ್ಕಿಯ ಗರಿಯೇ ಆಗಬೇಕು, ಅದರಲ್ಲೂ ಟರ್ಕಿ ಕೋಳಿಯ ರೆಕ್ಕೆಯದು ಉಜ್ಜಿದರೆ ಮಣಿಯುತ್ತದೆ, ಬಾಳಿಕೆಯೂ ಗಟ್ಟಿ ಅಂದರು ಕೋಚ್. ಕ್ರಿಸ್‌ಮಸ್ ಹತ್ತಿರವಿತ್ತು, ಟರ್ಕಿ ಬಂದಿರುತ್ತದೆ ಅಂತ ರಸೆಲ್ ಮಾರುಕಟ್ಟೆಗೆ ಹೋದೆವು. ಅಂಗಡಿಯ ಭಾಯಿ ಒಂದು ಕೋಳಿಯನ್ನು ಎತ್ತಿ ಎದೆ, ತೊಡೆ ಎಲ್ಲ ಮುಟ್ಟಿ ತೋರಿಸಿದರು. ಇವರು ಅದೇನನ್ನೂ ನೋಡದೆ ರೆಕ್ಕೆ ಬಿಡಿಸಿ, ಒಂದೊಂದೇ ಗರಿ ನೀವಿ, ಇದು ಬೇಡ ಇನ್ನೊಂದು ತೋರಿಸಿ ಅಂದರು. ಹೀಗೇ ಮೂರು ನಾಲ್ಕು ಕೋಳಿ ನೋಡಿಯಾದ ಮೇಲೆ, ನಮಗೆ ಗರಿ ಮಾತ್ರ ಸಾಕು, ಮಾಂಸ ಬೇಡ ಅಂತ ನಾನು ಹೇಳಿದೆ.

ಭಾಯಿ ಕೋಳಿಯನ್ನು ನಿಧಾನವಾಗಿ ಕೆಳಗಿಟ್ಟರು. "ಎಲ್ರೂ ಕೋಳಿ ತಗೊಂಡು ಪುಕ್ಕ ಬಿಟ್ಟೋಗ್ತಾರಮ್ಮಾ. ನೀವು ಪುಕ್ಕ ತಗೊಂಡು ಹೋದ್ರೆ, ಈ ಬೋಳು ಕೋಳೀನ ನಾನು ಯಾರಿಗೆ ತೋರಿಸ್ಲಿ?"

ಕೋಳಿಯನ್ನೂ ಕೊಂಡೆವು. ಪುಲಿಕೇಶಿನಗರದಲ್ಲಿರುವ ನನ್ನ ಕಾಲೇಜಿನ ಗೆಳತಿ ಅದರ ಬಿರಿಯಾನಿ ಮಾಡಿ, ತನ್ನ ಮನೆಗಷ್ಟು ಇಟ್ಟುಕೊಂಡು ನಮಗೂ ಕಳಿಸಿದಳು. ಆಮೇಲೆ ಫೋನು ಮಾಡಿ ಕೇಳಿದಳು: "ಬಿಲ್ಲಿನ ಹಿಡಿಗೆ ಚರ್ಮ ಏನೂ ಬೇಡ್ವೇನೇ? ಮಟನ್ ತಿಂದು ಬಹಳ ದಿನ ಆಯ್ತು."

ಎಡ, ಬಲ

ಒಂದು ಬಾಣದ ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಎಡಗಡೆಯದರ ಬಾಗು ಒಂದು ಥರ, ಬಲಗಡೆಯದು ಇನ್ನೊಂದು ಥರ. ಬೆರೆಸಿದರೆ ಬಾಣ ಕೆಡುತ್ತದೆ. ನಾನು ಎರಡು ಸ್ಟೀಲ್ ಡಬ್ಬಿಗಳಲ್ಲಿ ಬೇರೆ ಬೇರೆ ಹಾಕಿ, ಮೇಲೆ ಎಡ, ಬಲ ಅಂತ ಚೀಟಿ ಅಂಟಿಸಿದೆ.

ಇವರು ಸೇವೆಯುದ್ದಕ್ಕೂ ಕಡತಗಳಿಗೆ ಆಕ್ಷೇಪಣೆ ಬರೆದು ವಾಪಸು ಕಳಿಸಿದವರು. ಚೀಟಿ ಓದಿ, ಯಾರ ಎಡ ಅಂತ ಕೇಳಿದರು. ಕೋಳಿಯ ಎಡ ಅಂದೆ. ಕೋಳಿ ನಿಂತಿದ್ದಾಗಿನ ಎಡವೋ, ಅಂಗಾತ ಮಲಗಿಸಿದ್ದಾಗಿನ ಎಡವೋ ಅಂದರು. ಎರಡೂ ಒಂದೇ ರೀ ಅಂದೆ. ಖಚಿತಪಡಿಸಿಕೊಳ್ಳಬೇಕು ಅಂದರು. ಖಚಿತಪಡಿಸಲು ಉಳಿದಿದ್ದ ಒಂದೇ ಸಾಕ್ಷಿ ಆ ಹೊತ್ತಿಗೆ ನಮ್ಮ ಹೊಟ್ಟೆಯಲ್ಲಿತ್ತು.

ಭಾನುವಾರ

ಅಂತೂ ಆರು ಬಾಣ ಸಿದ್ಧವಾದವು. ಗರಿ ಆರಿಸಿದ್ದು ನಾನು, ಅಂಟಿಸಿದ್ದು ಅವರು. ಪರೀಕ್ಷೆಯ ದಿನ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬಂದು ನಿಂತಿದ್ದರು. ಇವರು ಯಾರ ಕಡೆಗೂ ನೋಡದೆ ಬಿಲ್ಲು ಎತ್ತಿದರು.

ಮೊದಲ ಬಾಣ ಗೆರೆ ಎಳೆದಂತೆ ಹೋಗಿ ನಿಂತಿತು. ಎರಡನೆಯದು ಅದರ ಮಗ್ಗುಲಿಗೆ. ಆರೂ ನಿಂತವು, ಅಂಗೈಯಗಲದ ಜಾಗದಲ್ಲಿ. ಗೆದ್ದವರಂತೆ ಇವರು ನನ್ನ ಕಡೆ ತಿರುಗಿದಾಗ ನೋಡಿದೆ: ವಾರವಿಡೀ ಗರಿ ಅಂಟಿಸಲು ಹಾಕಿಕೊಂಡಿದ್ದ ಓದುವ ಕನ್ನಡಕವೇ ಮೂಗಿನ ಮೇಲಿತ್ತು. ಬಾಣಗಳು ನಿಂತದ್ದು ಪಕ್ಕದ ಹುಡುಗಿಯ ಬೋರ್ಡಿನಲ್ಲಿ.

ಇವರು ಕನ್ನಡಕ ತೆಗೆದು ಒರೆಸಿಕೊಂಡು, ಕೋಚ್ ಕಡೆ ತಿರುಗಿ, ಬೋರ್ಡಿನಲ್ಲಿ ನಿಲ್ಲಬೇಕು ಅಂತ ಮಾತ್ರ ಹೇಳಿದ್ದಿರಿ, ಯಾರ ಬೋರ್ಡು ಅಂತ ಸೂಚಿಸಿರಲಿಲ್ಲ ಎಂದು ಕಚೇರಿಯ ದನಿಯಲ್ಲಿ ಶುರುಮಾಡಿದರು. ಗರಿ ಆರಿಸಿದವಳಿಗೆ ಬೋರ್ಡಿನ ಹೊಣೆ ಇಲ್ಲ. ಕೋಚ್ ತಲೆ ಅಲ್ಲಾಡಿಸಿ, ಇನ್ನೊಂದು ವರ್ಷ ಇಲ್ಲೇ ಇರಿ ಅಂಕಲ್ ಅನ್ನುವಷ್ಟರಲ್ಲಿ ಆ ಹುಡುಗಿ ಬಂದು ಕೋಚ್ ಕೈ ಹಿಡಿದುಕೊಂಡಳು.

"ಮಿಸ್, ತಾತನ್ನ ಪಾಸ್ ಮಾಡ್ಬಿಡಿ. ಇಲ್ಲೇ ಇದ್ರೆ ನನ್ ಬೋರ್ಡಲ್ಲಿ ನಂಗೇ ಜಾಗ ಇರಲ್ಲ."

ಕೋಚ್ ಬೋರ್ಡು ನೋಡಿದರು, ಹುಡುಗಿಯನ್ನು ನೋಡಿದರು, ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಪಾಸ್ ಅಂತ ಬರೆದರು. ನಮ್ಮ ಯಜಮಾನರು ದೊಡ್ಡವರ ಬ್ಯಾಚಿಗೆ ಸೇರಿದ್ದು ಹೀಗೆ, ಶಿಫಾರಸಿನ ಮೇಲೆ.